ಪರಸ್ಥಾನಕ್ಕಿಟ್ಟ ಬ್ಯಾಗು

ಜನವರಿ 9, 2025, ಗುರುವಾರ

ಡಾಕ್ಟರ್ ಹೇಳ್ಯಾರ, "ಸುನಂದಾಬಾಯಿ, ನಿಮಗ ಬಿ.ಪಿ. ಏರೇತಿ. ಮನ್ಯಾಗ ಬೈಯೂದು ಕಡಿಮಿ ಮಾಡ್ರಿ." ಬಾಯಿಲೆ ಬೈಬ್ಯಾಡ್ರಿ ಅಂದಾರ, ಬರದು ಬೈಬ್ಯಾಡ್ರಿ ಅಂದಿಲ್ಲ. ಅದಕ್ಕ ಈ ಡೈರಿ. ಗೊಬ್ಬರದ ಅಂಗಡ್ಯಾವರು ಪುಕ್ಕಟೆ ಕೊಟ್ಟದ್ದು, ಹಾಳಿಗೊಂದು ಬೆಳಿ ರೋಗದ ಚಿತ್ರ ಐತಿ. ನನ್ನ ಕೆಲಸಕ್ಕ ಸರಿಯಾಗೇ ಐತಿ.

ಇವತ್ತಿನ ರೋಗ ಸಿಂದಗಿಯಿಂದ ಬಂತು. ನನ್ನ ತಂಗಿ ಜಯಮಾಲಾ, ಅಕಿ ಗಂಡ ಶ್ರೀಶೈಲ ಬಾಲಿಗೆ ಹೋಗಿ ಬಂದಾರ. ಮುಂಜಾನಿಂದ ಮೊಬೈಲ್‌ನ್ಯಾಗ ಫೋಟೋನ ಫೋಟೋ. ಶ್ರೀಶೈಲನ ಹೆಗಲ ಮ್ಯಾಲ ಒಂದು ಮಂಗ್ಯಾ ಕುಂತೈತಿ, ಇಬ್ಬರೊಳಗ ಮಂಗ್ಯಾನ ಮಾರಿನ ಶಾಣ್ಯಾ ಕಾಣತೈತಿ. ಜಯಮಾಲಾ ತಲಿ ಮ್ಯಾಲ ಬುಟ್ಟಿಯಂಥಾ ಟೋಪಿ.

ನಮ್ಮವರು ಬಸಂತರಾಯರು, ಇಂಡಿ ಮಾರ್ಕೆಟ್ಟಿನ ನಿಂಬಿಹಣ್ಣಿನ ದಲಾಲರು, ಫೋಟೋ ನೋಡಿ ಉಂಡ ರೊಟ್ಟಿ ಅರಗಿಸಿಕೊಳ್ಳಲಿಲ್ಲ. ಷಡ್ಡಕನ ಏಳಿಗಿ ಕಂಡ್ರ ಹುಳಿತೇಗು ಬರೂದು ನಮ್ಮ ಕಡೆ ರೂಢಿ.

"ನಾವೂ ಹೋಗೂದು," ಅಂದ್ರು.

"ಎಲ್ಲಿಗ್ರಿ?"

"ಶ್ರೀಲಂಕಾಕ್ಕ. ಬಾಲಿ ಅಂದ್ರೇನು, ಯಾವುದೋ ದೇಶದ ಒಂದು ತುಂಡು. ಶ್ರೀಲಂಕಾ ಅಂದ್ರ ಪೂರಾ ದೇಶಾನ ನಡುಗಡ್ಡಿ!"

ನಾ ಬರೂದಿಲ್ಲ ಅಂದೆ. ನೀರು ನೋಡಾಕ ಅಷ್ಟು ದೂರ ಯಾಕ? ನಮ್ಮ ನಳದಾಗ ವಾರಕ್ಕೊಮ್ಮೆ ಬರತೈತಲ್ಲ, ನಿಂತು ನೋಡ್ರಿ ಅಂದೆ.

ಜನವರಿ 14, ಸಂಕ್ರಮಣ

ಸಜ್ಜಿ ರೊಟ್ಟಿ, ಬದನಿಕಾಯಿ, ಮಾದಲಿ. ಉಣ್ಣಾಕ ಕುಂತಾಗ ಇವರು ಅವ್ವಗ ಸುದ್ದಿ ಹೇಳಿದ್ರು. ನಮ್ಮ ಅತ್ತಿ ಇಂದುಬಾಯಿ, ಎಂಬತ್ತು ದಾಟೇತಿ, ಹಲ್ಲು ಹೋಗ್ಯಾವು, ನಾಲಿಗಿ ಹರಿತ ಹಂಗ ಐತಿ. ಮಾದಲಿ ಬಿಟ್ಟು ಮಗನ ಮಾರಿ ನೋಡಿದ್ರು.

"ರಾವಣ ಸೀತಾನ ಒಯ್ಯಾಕ ಸನ್ಯಾಸಿ ವ್ಯಾಷ ಹಾಕಬೇಕಾತು. ನೀ ಟಿಕೀಟು ತಗದು ಹೆಂಡ್ತೀನ ಅವನ ಊರಿಗಿ ಮುಟ್ಟಿಸಿ ಬರಾಂವ?"

ನನಗ ನಕ್ಕು ನಕ್ಕು ನೆತ್ತಿಗೇರಿತು. ಇವರು ನಗಲಿಲ್ಲ.

ನಾಲತವಾಡದಾಗ, ನಮ್ಮ ತವರಿನ್ಯಾಗ, ಸಂಕ್ರಮಣಕ್ಕ ಊರ ಮಂದಿ ಎಲ್ಲಾ ಹೊಳಿ ಜಳಕಕ್ಕ ಹೋಗ್ತಿದ್ವಿ. ಇಲ್ಲಿ ಬಚ್ಚಲಾನ ಹೊಳಿ. ಇರ್ಲಿ.

ಜನವರಿ 27, ಸೋಮವಾರ

ಬುಕ್ ಆತು. ವಿಜಯಪುರದ ಒಬ್ಬ ಟೂರಿನಾಂವ ಮಂದೀನ ಕೂಡಿಸಿ ಒಯ್ತಾನಂತ. ಫೆಬ್ರವರಿ ಇಪ್ಪತ್ತಕ್ಕ ಹೊರಡೂದು. ಪಾಸ್‌ಪೋರ್ಟ್ ಹಿಂದ ಒಮ್ಮೆ ದುಬೈಕ್ಕ ಹೋಗ್ತೇವಂತ ಮಾಡಿಸಿದ್ದು, ಕಪಾಟಿನ್ಯಾಗ ಒಂದು ಸಿಕ್ಕಾನೂ ಬೀಳಲಾರದ ಹಂಗ ಕುಂತಿದ್ವು. ದುಬೈ ಯಾಕ ತಪ್ಪಿತು ಅಂದ್ರ, ಆವಾಗ ಇವರಿಗಿ ಕಿವಿ ನೋವು ಬಂದಿತ್ತು.

ಮಾರ್ಕೆಟ್ಟಿನ್ಯಾಗ ಎಲ್ಲಾರಿಗೂ ಗೊತ್ತಾಗೇತಿ. ಹೊರ್ತಿಯಿಂದ ನಿಂಬಿ ತಂದ ರೈತರಿಗಿ ಸುದ್ದಾ ಇವರು ಹರಾಜು ನಿಲ್ಲಿಸಿ ಹೇಳ್ಯಾರಂತ. "ಸಾವಕಾರ್ರ, ಲಂಕಾಕ್ಕ ಹೋಗೂದು ಆಮ್ಯಾಲ ಹೋಗ್ರಿ, ಮೊದಲು ನಮ್ಮ ಬುಟ್ಟಿ ಕೂಗ್ರಿ," ಅಂದನಂತ ಒಬ್ಬಾಂವ. ಅಂವಗ ಕೈ ಮುಗಿಬೇಕು.

ಟೂರಿನಾಂವ ಕೊಟ್ಟ ಬಣ್ಣದ ಹಾಳಿ ಓದಿದೆ. ಚಾ ತೋಟದ ನಡುವ ಹೋಗೂ ರೈಲು ಐತಂತ, ಬಾಗಲಾ ತಗದು ಕಾಲು ಇಳಿಬಿಟ್ಟು ಕುಂಡರತಾರಂತ. ಹುಚ್ಚರು.

ಫೆಬ್ರವರಿ 10, ಸೋಮವಾರ

ಇವತ್ತು ಬಸವನ ಬಾಗೇವಾಡಿಗೆ ಹೋಗಿದ್ವಿ, ಅಯ್ಯನ ಕೇಳಾಕ. ಬಸವಣ್ಣ ಹುಟ್ಟಿದ ಊರಾಗ ಕುಂತು ಪಂಚಾಂಗ ನೋಡಿ ಹೊಟ್ಟಿ ಹೊರಕೊಳ್ಳೂ ಧೈರ್ಯ ಅಂದ್ರ ಆ ಅಯ್ಯಂದ. ಕಾರು ಹೊಡ್ಯಾಂವ ಮೋದಿನಸಾಬ ಹೊರಗ ಕುಂತು ಶೇಂಗಾ ತಿಂದ, ನಾ ಒಳಗ ಕುಂತು ಹಲ್ಲು ಕಡದೆ.

ಅಯ್ಯ ಹೇಳಿದ: ಇಪ್ಪತ್ತನೇ ತಾರೀಖು ಗುರುವಾರ. ಗುರುವಾರ ದಕ್ಷಿಣಕ್ಕ ಹೊರಡಬಾರದು, ದಿಶಾಶೂಲ. ಲಂಕಾ ಇರೂದು ದಕ್ಷಿಣಕ್ಕ. ಇವರ ಮಾರಿ ಸುಟ್ಟ ಬದನಿಕಾಯಿ ಆತು. ವಿಮಾನದಾವರಿಗಿ ಹೇಳಿ ಬುಧವಾರ ಮಾಡಿಸೂದು ಆಗತೈತೇನು ಅಂತ ಕೇಳಿದ್ರು. ಅಯ್ಯನ ನಕ್ಕುಬಿಟ್ಟ.

"ಪರಸ್ಥಾನ ಇಡ್ರಿ," ಅಂದ. "ನಾಡದ್ದು ಬುಧವಾರ ಭಾರತ ಹುಣ್ಣಿವಿ, ಛಲೋ ದಿನ. ನಿಮ್ಮ ಸಾಮಾನು ಅವತ್ತ ಹೊಸ್ತಿಲಾ ದಾಟಿ ದಕ್ಷಿಣ ದಿಕ್ಕಿನ ಮನ್ಯಾಗ ಇರ್ಲಿ. ಸಾಮಾನು ಹೊಂಟ್ರ ನೀವ ಹೊಂಟಂಗ. ಮುಂದ ನೀವು ಯಾವ ವಾರರೆ ಹೋಗ್ರಿ."

ಅಂದ್ರ ದೇವರ ಕಣ್ಣಿಗಿ ಮಣ್ಣು ಎರಚೂ ಹಾದಿ. ನಮ್ಮ ಅತ್ತಿ ಇದನ್ನ ಕೇಳಿ ಬಲು ಖುಷಿ ಆದ್ರು, ಅವರ ಕಾಲದ ಪದ್ಧತಿ.

ಫೆಬ್ರವರಿ 12, ಭಾರತ ಹುಣ್ಣಿವಿ

ನಮ್ಮ ಮನಿಗೆ ದಕ್ಷಿಣಕ್ಕ ಹತ್ತಿದ ಮನಿ ಅಬಿದಾಂದು. ಗಂಡ ಇಲ್ಲ, ಮಗಳನ್ನ ಕೊಟ್ಟಾಳ, ಸೀರಿಗಿ ಫಾಲ್ ಹಚ್ಚತಾಳ, ಜಂಪರ ಹೊಲಿತಾಳ. ಓಣ್ಯಾಗ ನನ್ನ ಬೈಗಳಕ್ಕ ನಗಾಕಿ ಅಕಿ ಒಬ್ಬಾಕಿನ. "ಸಾಬರ ಮನ್ಯಾಗ ಪರಸ್ಥಾನ ಇಡೂದು ಹ್ಯಾಂಗ?" ಅಂತ ಇವರು ತಲಿ ಕೆರಕೊಂಡ್ರು. "ದಿಕ್ಕಿಗಿ ಜಾತಿ ಐತೇನೋ?" ಅಂದ್ರು ಅತ್ತಿ. ಮುಗೀತು.

ಹೊಸ ಗಾಲಿ ಬ್ಯಾಗು ತಂದಿದ್ರು, ಕರು ಕಟ್ಟಬೇಕು ಅದರಾಗ, ಅಷ್ಟು ದೊಡ್ಡದು. ಒಳಗ ಇವರದು ಒಂದು ಟಾವೆಲ್. ಗಂಡಸರಿಗಿ ಗುರ್ತಿಗಿ ಒಂದು ಅರಿವಿ ಸಾಕಂತ. ನನ್ನವು? ಛಲೋ ಸೀರಿ ಎಲ್ಲಾ, ಬಿ.ಪಿ. ಗುಳಿಗಿ, ಓದೂ ಚಾಳೀಸು, ಸ್ವೆಟರ. ಅತ್ತಿ ಮುಂದ ದೀಪ ಹಿಡಕೊಂಡು, ಇವರು ಹಿಂದ ಬ್ಯಾಗು ಎಳಕೊಂಡು, ಗಟಾರದಾಗ ಒಂದು ಗಾಲಿ ಸಿಕ್ಕೊಂಡು, ನಾಕು ಮಂದಿ ಎತ್ತಿ, ಅಂತೂ ಮೆರವಣಿಗಿ ಅಬಿದಾಳ ಮನಿ ಮುಟ್ಟಿತು. ಅಕಿ ಹೊಲಿಗಿ ಮಷೀನ್ ಸರಿಸಿ ಜಾಗಾ ಮಾಡಿದ್ಳು, ಎಲ್ಲಾರ ಬಾಯಾಗ ಸಕ್ಕರಿ ಹಾಕಿದ್ಳು.

ಅತ್ತಿ ಬ್ಯಾಗಿನ ಮ್ಯಾಲ ಕೈ ಇಟ್ಟು ಖಡಕ್ಕಾಗಿ ಹೇಳಿದ್ರು: "ಹೊಸ್ತಿಲಾ ದಾಟೇತಿ. ಹೋಗೂ ಊರು ಮುಟ್ಟದ ಹೊಳ್ಳಿ ಮನಿಗಿ ಬರಬಾರದು. ಬಂದ್ರ ಕೆಟ್ಟದ್ದು ಆಗತೈತಿ."

ಫೆಬ್ರವರಿ 17, ಸೋಮವಾರ

ಇವರು ಊಟ ಬಿಟ್ಟಾರ. ವಿಮಾನ ಬಿದ್ದ ವಿಡಿಯೋ ನೋಡ್ತಾರ, ನಾ ಬಂದ್ರ ಮೊಬೈಲ್ ಬೋರಲ ಹಾಕ್ತಾರ. ಇವತ್ತು ಮೋದಿನಸಾಬಗ ಕೇಳ್ತಿದ್ರು, "ಅಲ್ಲೋ, ರಾಮೇಶ್ವರದಿಂದ ಅತ್ತಾಗ ಕಾರ್ ಹೋಗತೈತೇನು?"

"ಹೋಗತೈತ್ರಿ ಸಾವಕಾರ್ರ," ಅಂದ ಮೋದಿನಸಾಬ. "ಮುಂದ ಹನುಮಂತಪ್ಪ ಕುಂತು ಎಳೀಬೇಕು, ಅಷ್ಟ."

ಫೆಬ್ರವರಿ 19, ಬುಧವಾರ

ನಡಾ ಹಿಡದೈತಂತ. ದುಬೈಕ್ಕ ಕಿವಿ, ಲಂಕಾಕ್ಕ ನಡಾ. ಅಮೆರಿಕಾಕ್ಕ ಹೋಗ್ತೇನಿ ಅಂದ್ರ ಏನು ಹೋಗತೈತೋ! ಟೂರಿನಾಂವಗ ಫೋನ್ ಮಾಡಿ ಏಪ್ರಿಲ್‌ಕ್ಕ ಹೋಗೂ ಮಂದ್ಯಾಗ ನಮ್ಮ ಹೆಸರು ಹಾಕಿಸಿಕೊಂಡಾರ. ನಡಾ ಹಿಡದಾಂವ ಫೋನ್ ಇಟ್ಟ ಕೂಡ್ಲೆ ಎದ್ದು ಮಾರ್ಕೆಟ್ಟಿಗಿ ಹೋದ.

ನಾ ಬ್ಯಾಗು ತರಾಕ ಹೋದೆ. ಅತ್ತಿ ಹೊಸ್ತಿಲದಾಗ ಕೋಲು ಅಡ್ಡ ಹಿಡದು ಕುಂತಿದ್ರು. "ಊರು ಮುಟ್ಟೇತೇನು? ಇಲ್ಲಲ್ಲ? ಮತ್ತ?"

ಹಿಂಗಾಗಿ ನನ್ನ ಸೀರಿ, ಗುಳಿಗಿ, ಚಾಳೀಸು ಎಲ್ಲಾ ಪರದೇಶದಾಗ ಅದಾವು. ನಾ ಒಬ್ಬಾಕಿ ಇಂಡ್ಯಾಗ.

ಫೆಬ್ರವರಿ 26, ಶಿವರಾತ್ರಿ

ಗುಡಿಗಿ ಹೋಗಾಕ ಸೀರಿ ಬೇಕು. ಅಬಿದಾಳ ಮನಿಗಿ ಹೋಗಿ, ಬ್ಯಾಗು ತಗದು, ಅಲ್ಲೇ ಉಟ್ಟಕೊಂಡು ಗುಡಿಗಿ ಹೋದೆ. ಬಂದು ಅಲ್ಲೇ ಕಳದು ಇಟ್ಟು ಮನಿಗಿ ಬಂದೆ. ದಿನಾ ಮುಂಜಾನೆ ಗುಳಿಗಿ ನುಂಗಾಕೂ ಅಲ್ಲೇ. ಗುಳಿಗಿ ಸಂಗಾಟ ಅಕಿ ಚಾ ಕೊಡ್ತಾಳ. ಚಾ ಅಂದ್ರ ಚಾ. ಕುಂತು ಕುಡಿದು ಎಷ್ಟು ವರ್ಷ ಆಗಿತ್ತೋ, ನಮ್ಮ ಮನ್ಯಾಗ ನಾ ನಿಂತು ಕುಡಿತೇನಿ.

"ಅಕ್ಕಾ, ಲಂಕಾದಾಗ ಏನೇನು ಐತಿ?" ಅಂದ್ಳು. ನನಗೇನು ಗೊತ್ತು? ಆ ಹಾಳ್ಯಾಗ ಇದ್ದಷ್ಟ ಹೇಳಿದೆ. ಒಂಬತ್ತು ಕಮಾನಿನ ಸೇತುವಿ, ಅದರ ಮ್ಯಾಲ ನೀಲಿ ರೈಲು, ಎಲ್ಲಾ ಕಡೆ ಆಯುಬೋವನ್ ಅಂತ ಕೈ ಮುಗಿತಾರ, ತೆಂಗಿನಕಾಯಿ ಹೆರದು ಖಾರ ಕಲಿಸಿ ಚಟ್ನಿ ಮಾಡ್ತಾರ, ದಕ್ಷಿಣದ ದಂಡಿಗಿ ನೀರು ಮೊಣಕಾಲ ಮಟ ಇದ್ದಲ್ಲಿ ಆಮಿ ಬರತಾವು, ಏಪ್ರಿಲ್ ಕಳದ್ರ ತೆರಿ ಜೋರಾಗ್ತಾವು. ಇಷ್ಟ.

ಮಾರ್ಚ್ 6, ಗುರುವಾರ

ಅಬಿದಾಂದು ರೋಜಾ ನಡದಾವು. ಚಾ ಇಲ್ಲ. ಆದ್ರೂ ಹೋಗಿ ಕುಂಡರತೇನಿ, ಗುಳಿಗಿ ಅಂತೂ ನುಂಗಬೇಕಲ್ಲ.

ಬಿ.ಪಿ.ಗಿ ಛಲೋ ಅಂತ ಮುಂಜಾನೆ ನಡಿಯಾಕ ಹತ್ತೇನಿ. ಬೂಟು ತಗೊಂಡೆ. ನೀರಾಗ ತೊಯ್ದ್ರೂ ಏನೂ ಆಗೂದಿಲ್ಲಂತ, ಅಂಗಡ್ಯಾಂವ ಹೇಳಿದ. ಇಂಡ್ಯಾಗ ನೀರು ಎಲ್ಲೈತಿ ಅಂತ ಕೇಳಬ್ಯಾಡ್ರಿ, ಸೋವಿ ಸಿಕ್ಕಿತು, ತಗೊಂಡೆ.

ಇವತ್ತು ಅಬಿದಾಗ ನಮ್ಮ ಅಪ್ಪನ ಹೊಲದ ಕತಿ ಹೇಳಿದೆ. ಡ್ಯಾಮಿನ ಹಿನ್ನೀರು ಏರಿತಂದ್ರ ನಾಲತವಾಡದ ಅತ್ತಾಗಿದ್ದ ನಮ್ಮ ದಿನ್ನಿ ಹೊಲ ನಡುಗಡ್ಡಿ ಆಗ್ತಿತ್ತು. ಅಪ್ಪ ಆಚಿ ಗುಡಿಸಲದಾಗ. ನಾ ಬುತ್ತಿಗಂಟು ತಲಿಗಿ ಕಟಗೊಂಡು ಈಸಿ ಹೋಗಿ ಕೊಟ್ಟು ಬರ್ತಿದ್ದೆ. ರೊಟ್ಟಿ ಒಮ್ಮೆನೂ ತೊಯ್ದಿಲ್ಲ. ಅಬಿದಾ ಸೂಜಿ ಬಿಟ್ಟು ನನ್ನ ಮಾರಿ ನೋಡಿದ್ಳು.

"ಭಾಯಿಜಾನಗ ಗೊತ್ತೈತಿ?"

ಅವರು ಕೇಳಿಲ್ಲ, ನಾ ಹೇಳಿಲ್ಲ. ಇಂಡಿಗಿ ಬಂದ ಮ್ಯಾಲ ಈಸೂದು ಎಲ್ಲಿ, ನೀರಿನ ಹರಿವ್ಯಾಗ?

ಮಾರ್ಚ್ 18, ಮಂಗಳವಾರ

ಅಬಿದಾ ನನ್ನ ಹಳೆ ನೈಲಾನ್ ಸೀರಿ ಕತ್ತರಿಸಿ ಚೂಡಿದಾರ ಹೊಲದಾಳ. ತೋಳು ಉದ್ದ, ಮೈಗಿ ಅಂಟೂದಿಲ್ಲ, ಬೇಗ ಒಣಗತೈತಿ. ಮನ್ಯಾಗ ಹಾಕ್ಕೊಳ್ಳಾಕ ಇರ್ಲಿ ಅಂತ ಸುಮ್ನ ಹೊಲಿಸೇನಿ. ಮನಿಗಿ ತರಲಿಲ್ಲ, ಬ್ಯಾಗಿನ್ಯಾಗ ಇಟ್ಟು ಬಂದೆ.

"ಎಲ್ಲಿಗಿ ಹೋಗಿದ್ದಿ? ಊಟಕ್ಕ ಯಾರು ಹಾಕಬೇಕು?" ಅಂದ್ರು ಇವರು.

"ಶ್ರೀಲಂಕಾಕ್ಕ," ಅಂದೆ.

ಮಾರ್ಚ್ 24, ಸೋಮವಾರ

ಇವತ್ತಿನ ಸಿಟ್ಟು ಇಳಿವಲ್ದು. ಬರದ್ರ ಕಡಿಮಿ ಆಗತೈತೇನೋ ನೋಡ್ತೇನಿ.

ಜಯಮಾಲಾ, ಶ್ರೀಶೈಲ ಸಿಂದಗಿಯಿಂದ ಬಂದಿದ್ರು. ಊಟಕ್ಕ ಕುಂತಾಗ ಶ್ರೀಶೈಲ ಕೆಣಕಿದ, "ಏನ್ರಿ ಅಣ್ಣಾರ, ಲಂಕಾ ಎಲ್ಲಿಗಿ ಬಂತು?" ಇವರು ನಿಂಬಿ ಸೀಜನ್ ಅಂದ್ರು. ಬ್ಯಾಸಗಿ ಬಂತು, ರೋಜಾ ನಡದಾವು, ರೇಟು ಮುಗಲ ಮುಟ್ಟೇತಿ, ಅಂಗಡಿ ಬಿಡಾಕ ಆಗೂದಿಲ್ಲ, ಏಪ್ರಿಲ್‌ದೂ ಕ್ಯಾನ್ಸಲ್ ಅಂದ್ರು. ಅಲ್ಲಿಗಿ ಬಿಟ್ಟಿದ್ರ ನಾನೂ ಬಿಡ್ತಿದ್ದೆ. ಶ್ರೀಶೈಲ ಬಿಡಲಿಲ್ಲ. "ವಿಮಾನದ ಹೆದರಿಕಿ ಅಲ್ಲಲ್ಲ?" ಅಂದ.

ಆಗ ಇವರು ರೊಟ್ಟಿ ಮುರಕೋಂತ, ನನ್ನ ಕಡೆ ಬೊಟ್ಟು ಮಾಡಿ ಹೇಳಿದ್ರು, "ನನಗೆಲ್ಲಿ ಹೆದರಿಕಿ? ಇಕಿಗಿ ನೀರು ಕಂಡ್ರ ಜೀವ ಹೋಗತೈತಿ. ಸಮುದ್ರದ ಹೆಸರು ತಗದ್ರ ಬಿ.ಪಿ. ಏರತೈತಿ. ಅದಕ್ಕ ಬಿಟ್ಟೆ."

ಜಯಮಾಲಾ ಹೊಟ್ಟಿ ಹಿಡಕೊಂಡು ನಕ್ಕಳು. "ಅಕ್ಕಗ? ನೀರಿನ ಹೆದರಿಕಿ? ಮಾವಾರ, ಹೊಳ್ಯಾಗ ಮುಳುಗಾಕತ್ತಿದ್ದ ನನ್ನ ಜಡಿ ಹಿಡದು ಎಳಕೊಂಡು ಬಂದಾಕಿ ಅಕಿ!"

ಇವರು ನನ್ನ ನೋಡಿದ್ರು, ಯಾರೋ ಹೊಸಬರನ್ನ ನೋಡಿದಂಗ. ನಾ ಸಾರು ನೀಡಿದೆ. ಸಿಟ್ಟು ಬಂದಿತ್ತು, ಅಳು ಬಂದಿತ್ತು. ಇವರ ಕಿವಿ ನೋವು, ನಡಾ ನೋವು ಎಲ್ಲಾ ನಾ ಮುಚಿಗೊಂಡು ಬಂದೆ, ನಗೂದಾದ್ರೂ ಡೈರ್ಯಾಗ ನಕ್ಕೆ. ಇವರು ತಮ್ಮ ಹೆದರಿಕಿ ತಂದು ನಾಕು ಮಂದ್ಯಾಗ ನನ್ನ ಉಡಿಯಾಗ ಹಾಕಿದ್ರು. ನೀರಿಗಿ ಹೆದರದ ಧೈರ್ಯ, ನನ್ನ ಹತ್ರ ಇದ್ದದ್ದ ಅದೊಂದು. ಅದನ್ನೂ.

ಮಾರ್ಚ್ 30, ಯುಗಾದಿ

ಬೇವು ತಿಂದ ಬಾಯಿಲೆ ಇವರು ಶುರು ಮಾಡಿದ್ರು. "ಇವತ್ತು ಹೊಸ ವರ್ಷ, ಆ ಬ್ಯಾಗು ಮನಿಗಿ ತಗೊಂಡು ಬಾ. ಪರಸ್ಥಾನ ಅಂತ, ದಿಶಾಶೂಲ ಅಂತ! ಎಲ್ಲಾ ಮೂಢನಂಬಿಕಿ. ಬಸವಣ್ಣ ಎಲ್ಲಿ ಹೇಳ್ಯಾನ ಪಂಚಾಂಗ ನೋಡ್ರಿ ಅಂತ?"

ಬಸವಣ್ಣ ಈಗ ನೆನಪಾದ! ಬಾಗೇವಾಡಿಗಿ ಹೋದಾಗ ಗುಡಿ ಮುಂದಿಂದ ಕಾರು ಹಾದು ಹೋತು, ಆವಾಗ ನೆನಪಾಗಲಿಲ್ಲ.

ನಾ ಬಾಯಿ ತಗಿಯೂದ್ರಾಗ ಅತ್ತಿ ಕೋಲು ಕುಟ್ಟಿದ್ರು. "ಬ್ಯಾಗು ಬರಂಗಿಲ್ಲ."

"ಅವ್ವಾ, ಸುಮ್ನಿರು."

"ನೀ ಸುಮ್ನಿರು." ಆಮ್ಯಾಲ ನನ್ನ ಕಡೆ ತಿರುಗಿದ್ರು. ಅವರು ಇಷ್ಟು ಸಣ್ಣ ದನಿಲೆ ಮಾತಾಡಿದ್ದು ನಾ ಕೇಳೇ ಇದ್ದಿಲ್ಲ. "ಇಂವ ಹೊಟ್ಟ್ಯಾಗ ಬರೂಕಿಂತ ಮೊದಲಿನ ಮಾತು. ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಗೋಕರ್ಣಕ್ಕ ಹೊಂಟಿದ್ರು. ನಾನೂ ಗಂಟು ಕಟ್ಟಿ ಗೌಡ್ರ ಮನ್ಯಾಗ ಪರಸ್ಥಾನ ಇಟ್ಟಿದ್ದೆ. ನಿಮ್ಮ ಮಾವ ಬಿತ್ತಿಗಿ ಐತಿ, ಮುಂದಿನ ವರ್ಷ ನೋಡೂಣು ಅಂದ್ರು. ತಾವ ಹೋಗಿ ಗಂಟು ತಂದು ನನ್ನ ಮುಂದ ಒಗದ್ರು. ನಾ ಅದನ್ನ ಬಿಚ್ಚಲಿಲ್ಲ. ಒಳಗಿನ ಸೀರಿ ಹುಳ ತಿಂದ್ವು."

"ಮತ್ತ, ಗಂಟು ಹೊಳ್ಳಿ ಬಂದದ್ದಕ್ಕ ಏನರೆ ಕೆಟ್ಟದ್ದು ಆತೇನ್ರಿ ಅತ್ತಿ?" ಅಂದೆ.

"ಮತ್ತೇನು ಆಗಬೇಕಾಗಿತ್ತು? ನಾ ಸಮುದ್ರ ನೋಡಲಿಲ್ಲ. ಅದು ಸಾಲದೇನು?"

ಅತ್ತಿ ಬೇವಿನ ಬಟ್ಟಲಾ ನನ್ನ ಕಡೆ ದಬ್ಬಿದ್ರು. "ನಿನ್ನ ಸಾಮಾನು ಹೊಂಟು ತಿಂಗಳ ಮ್ಯಾಲಾತು. ನೀ ಇನ್ನೂ ಇಲ್ಲೇ ಕುಂತಿ. ಹೋಗು."

ಮಾರ್ಚ್ 31, ರಮಜಾನ

ಅಬಿದಾಳ ಮನ್ಯಾಗ ಸುರಕುಂಬಾ ಕುಡಿದು ಹೇಳಿದೆ, ನಾ ಹೊಂಟೇನಿ. ಅಕಿ, "ನನಗ ಚೂಡಿದಾರ ಹೊಲಿಯೂವಾಗನ ಗೊತ್ತಿತ್ತು," ಅಂದ್ಳು. ಅದು ಹ್ಯಾಂಗ ಗೊತ್ತಾತೋ! ನಾ ಮನ್ಯಾಗ ಹಾಕ್ಕೊಳ್ಳಾಕಂತ ಹೇಳಿದ್ದೆ.

ಇವರದು ಒಂದ ಹಾಡು: ಮಂದಿ ಏನಂತಾರ, ರೊಟ್ಟಿ ಯಾರು ಬಡೀಬೇಕು, ಒಬ್ಬಾಕಿನ ಹ್ಯಾಂಗ ಹೋಗ್ತಿ. ಮಂದಿಗಿ ನೀವ ಹೇಳ್ರಿ, ನಿಮಗ ಹೇಳೂದು ಬರತೈತಿ ಅಂದೆ. ರೊಟ್ಟಿಗಿ ಖಾನಾವಳಿ ಐತಿ. ಒಬ್ಬಾಕಿನ ಅಲ್ಲ, ಏಪ್ರಿಲ್ ಟೂರಿನ ಮಂದಿ ಅದಾರ, ನಾನ ಫೋನ್ ಮಾಡಿ ನನ್ನ ಸೀಟು ಉಳಿಸಿಕೊಂಡೇನಿ. ಮಗಳು ಪಲ್ಲವಿ ಸೊಲ್ಲಾಪುರದಾಗ ಕುಂತ ವೀಸಾ ಮಾಡಿಸಿದ್ಳು, ಒಂದು ಮಾತು ಕೇಳಲಿಲ್ಲ, ಅತ್ತಳೋ ನಕ್ಕಳೋ ಫೋನಿನ್ಯಾಗ ತಿಳೀಲಿಲ್ಲ.

ಏಪ್ರಿಲ್ 8, ಮಂಗಳವಾರ

ಅಬಿದಾಳ ಮನಿಯಿಂದನ ಹೊಂಟೆ. ಮಂಗಳವಾರ ದಕ್ಷಿಣಕ್ಕ ಶೂಲ ಇಲ್ಲ, ಅತ್ತಿ ಎಣಿಸಿ ಹೇಳಿದ್ರು. ಬ್ಯಾಗು ಎತ್ತಾಕ ಇವರು ಬಂದ್ರು. ಕಾರಿನ್ಯಾಗ ಇಟ್ಟು, ಕಿಸೇದಾಗಿಂದ ನಾಕು ನಿಂಬಿಹಣ್ಣು ತಗದು ನನ್ನ ಕೈಯಾಗ ಇಟ್ಟರು. "ವಿಮಾನದಾಗ ಹೊಟ್ಟಿ ತೊಳಸಿದ್ರ ಮೂಸು," ಅಂದ್ರು. ಇಷ್ಟು ದಿನ ಬೈದು ಬರದೇನಿ, ಇದನ್ನೂ ಬರೀಬೇಕು: ಅವು ರಾಶ್ಯಾಗ ಆರಿಸಿದ ಹಣ್ಣು, ಒಂದಕ್ಕೂ ಕಲಿ ಇದ್ದಿಲ್ಲ. ಕಣ್ಣು ತುಂಬಿದ್ವು. ಇವರು ಮೋದಿನಸಾಬಗ ಗಾಡಿ ಸಾವಕಾಶ ಹೊಡಿ ಅಂತ ಒದರಾಕ ಹತ್ತಿದ್ರು, ನೋಡಲಿಲ್ಲ.

ಏಪ್ರಿಲ್ 11

ಈಸಿದೆ.

ನೀರು ಉಪ್ಪು, ಹೊಳಿ ನೀರಿನಂಗ ಅಲ್ಲ, ತಾನ ಎತ್ತಿ ಹಿಡಿತೈತಿ. ಕೈ ಕಾಲು ಏನೂ ಮರತಿಲ್ಲ. ಟೂರಿನ ಹೆಣ್ಮಕ್ಕಳು ದಂಡ್ಯಾಗ ನಿಂತು ಬಾಯಿ ಬಡಕೊಂಡ್ರು, "ಅಕ್ಕಾರ, ಹೊಳ್ಳಿ ಬರ್ರೀ!"

ಆ ರೈಲಿನ್ಯಾಗ ನಾನೂ ಕಾಲು ಇಳಿಬಿಟ್ಟು ಕುಂತಿದ್ದೆ. ಹುಚ್ಚರು ಅಂತ ಹಿಂದ ಎಲ್ಲೋ ಬರದಂಗ ನೆನಪು.

ಏಪ್ರಿಲ್ 15, ಮಂಗಳವಾರ

ಬಂದೆ. ಬ್ಯಾಗು ಹೊಸ್ತಿಲಾ ದಾಟಿ ಒಳಗ ಬಂತು, ಅತ್ತಿ ಅಡ್ಡ ಬರಲಿಲ್ಲ. ಇವರು ಮಾರ್ಕೆಟ್ಟಿನ್ಯಾಗ, ನಮ್ಮಾಕಿ ಸಮುದ್ರದಾಗ ಈಸ್ಯಾಳ ಅಂತ ಹರಾಜು ನಿಲ್ಲಿಸಿ ಹೇಳಾಕತ್ತಾರಂತ. ಅಕಿಗಿ ಈಸೂದು ನಾನ ಕಲಿಸಿದ್ದು ಅಂತ ಇನ್ನೂ ಹೇಳಿಲ್ಲ, ನಾಳಿ ಹೇಳ್ತಾರ.

ಅಬಿದಾಗ ಚಾ ಪುಡಿ ಕೊಡಾಕ ಹೋದೆ. ಹೊಲಿಗಿ ಮಷೀನಿನ ಬಾಜೂಕ, ನನ್ನ ಬ್ಯಾಗು ಇದ್ದ ಜಾಗಾದಾಗ, ಒಂದು ಅರಿವಿ ಗಂಟು ಕುಂತಿತ್ತು. ಇಳಕಲ್ ಸೆರಗಿನ ತುಂಡಿಲೆ ಕಟ್ಟಿದ್ದು. ಬಿಚ್ಚಿ ನೋಡಿದೆ. ಎರಡು ಸೀರಿ, ವಿಭೂತಿ ಗಟ್ಟಿ, ಅಡಕೊತ್ತು.

"ನೀ ಹೋದ ಮರುದಿನ ನಿಮ್ಮ ಅತ್ತಿ ತಾವ ಕೋಲು ಊರಕೋಂತ ಬಂದು ಇಟ್ಟು ಹೋದ್ರು," ಅಂದ್ಳು ಅಬಿದಾ. "ಸಕ್ಕರಿ ಕೇಳಿ ಹಾಕಿಸಿಕೊಂಡ್ರು."

ಮನಿಗಿ ಬಂದು ಕೇಳಿದೆ, "ಏನ್ರಿ ಅತ್ತಿ ಇದು? ಗೋಕರ್ಣ ಇರೂದು ಪಡುವಲ ಸಮುದ್ರದ ದಂಡಿಗಿ, ಅಬಿದಾಳ ಮನಿ ತೆಂಕಲಕ್ಕ. ದಿಕ್ಕು ತಪ್ಪೇತಿ."

"ದಿಕ್ಕು ನೋಡ್ಕೋತ ಕುಂತ ಇಷ್ಟು ವರ್ಷ ಹೋದ್ವು," ಅಂದ್ರು. "ಗಂಟು ಹೊಸ್ತಿಲಾ ದಾಟೇತಿ. ಯಾವಾಗ ಹೋಗೂದು, ಅದನ್ನ ಹೇಳು."

ಈ ವಯಸ್ಸಿನ್ಯಾಗ ಈ ಮುದುಕಿಗಿ ಇಂಥಾ ಹುಚ್ಚು ಯಾರು ಹಚ್ಚಿದ್ರೋ ಶಿವನ ಬಲ್ಲ. ಗಂಟಿನ್ಯಾಗ ಟಾವೆಲ್ ಇಲ್ಲ, ನಾಳಿ ಮುಂಜಾನೆ ಒಂದು ಇಟ್ಟು ಬರಬೇಕು.